ಅಲ್ಲಿ ಹೋಗಿ ಛಂದ ಮಾತಾಡು

ಚಿಂಚೋಳಿ ಬಸ್ ನಿಲ್ದಾಣ. ಮಳೆ ಆಗಷ್ಟೇ ಬಿಟ್ಟಿತ್ತು. ಅವ್ವ ಕಿಟಕಿಯ ಸರಳುಗಳ ನಡುವಿಂದ ಒಂದು ಗಂಟು ಒಳಗೆ ತೂರಿಸಿದಳು. ಅದರಲ್ಲಿ ಹತ್ತು ಕಟಕ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಸಣ್ಣ ಡಬ್ಬಿಯಲ್ಲಿ ಪುಂಡಿ ಪಲ್ಯ ಇದ್ದವು. ಡ್ರೈವರ್ ಗಾಡಿ ಚಾಲೂ ಮಾಡಿದ. ಇಂಜಿನ್ನಿನ ಸದ್ದಿನಲ್ಲಿ ಅವ್ವನ ಮಾತು ಅರ್ಧ ಮಾತ್ರ ಕೇಳಿಸಿತು: “ಅಲ್ಲಿ ಹೋಗಿ ಛಂದ ಮಾತಾಡು.”

ಅದು 1998. ಕಲಬುರಗಿ ಆಗಿನ್ನೂ ಗುಲಬರ್ಗಾ. ಅಲ್ಲಿಯ ತನಕ ಬಸ್ಸು, ಅಲ್ಲಿಂದ ರೈಲು. ವಾಡಿ, ಯಾದಗಿರಿ, ರಾಯಚೂರು ದಾಟುವಾಗ ಊರಿನ ಹೆಸರುಗಳಾದರೂ ಪರಿಚಯದವು. ಆಮೇಲೆ ಕತ್ತಲು. ಬೋಗಿಯ ಮೇಲಿನ ಹಲಗೆಯ ಮೇಲೆ ಮಲಗಿ ಅವ್ವನ ಮಾತಿನ ಅರ್ಥ ಬಿಡಿಸುತ್ತಿದ್ದೆ. ಛಂದ ಅಂದರೆ ನಮ್ಮ ಕಡೆ ಬಹಳ ಅರ್ಥ. ಚೆಲುವು ಅಂತಲೂ ಹೌದು, ಸರಿಯಾಗಿ ಅಂತಲೂ ಹೌದು, ಮರ್ಯಾದೆಯಿಂದ ಅಂತಲೂ ಹೌದು. ಬೆಂಗಳೂರು ಸೇರುವ ಹೊತ್ತಿಗೆ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಅವ್ವ ಹೇಳಿದ್ದು ಇಷ್ಟೇ, ಅಲ್ಲಿ ನಮ್ಮ ಹಾಗೆ ಮಾತಾಡಬೇಡ.

ಮೊದಲ ದಿನದ ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ಹೆಸರು, ಊರು ಹೇಳಬೇಕಿತ್ತು. ನನ್ನ ಸರದಿ ಬಂದಾಗ ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ವಾಕ್ಯ ಎಲ್ಲಿ ಹೋಯಿತೋ. “ನಾ ಚಿಂಚೋಳಿಯಿಂದ ಬಂದೀನ್ರಿ” ಎಂದೆ. ನಗು ಎದ್ದಿತು. “ಚಿಂಚೋಳಿ ಮಹಾರಾಷ್ಟ್ರದಲ್ಲಿ ಬರುತ್ತಾ?” ಎಂದು ಯಾರೋ ಕೇಳಿದರು. ಆ ಹೆಸರಿನ ಊರುಗಳು ಮಹಾರಾಷ್ಟ್ರದಲ್ಲೂ ಇವೆ, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಗುವಿನಲ್ಲೂ ವಿಷ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಕುಳಿತುಕೊಂಡೆ, ಆರು ತಿಂಗಳು ಹೆಚ್ಚುಕಡಿಮೆ ಹಾಗೇ ಕುಳಿತಿದ್ದೆ.

ಮಾತಾಡಲೇ ಇಲ್ಲ ಎಂದಲ್ಲ. ಮಾತಾಡುವ ಮೊದಲು ಒಳಗೇ ತರ್ಜುಮೆ ಮಾಡಿಕೊಳ್ಳುತ್ತಿದ್ದೆ. ಹೊಂಟೀನಿ ಅನ್ನುವುದನ್ನು ಹೊರಟಿದೀನಿ ಮಾಡಬೇಕು. ಜರಾ ಹೋಗಿ ಸ್ವಲ್ಪ ಬರಬೇಕು, ಖರೇ ಹೋಗಿ ನಿಜ, ದವಾಖಾನಿ ಹೋಗಿ ಆಸ್ಪತ್ರೆ. ಊಟದ ಮನೆಯಲ್ಲಿ ಏನಾದರೂ ತಮಾಷೆ ಹೊಳೆದರೆ ಅದನ್ನು ಬೆಂಗಳೂರಿನ ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಮಾತು ಬೇರೆಲ್ಲೋ ಸಾಗಿರುತ್ತಿತ್ತು. ಒಂದು ಕ್ಷಣದ ತಡ, ಅಷ್ಟೇ. ಆದರೆ ತಡವಾಗಿ ಬಾಯಿ ತೆರೆಯುವವರನ್ನು ಜನ ಮಂಕರು ಎಂದುಕೊಳ್ಳುತ್ತಾರೆ. ಕೆಲವು ದಿನ ಕಳೆದರೆ ನಾವೂ ಅದನ್ನು ನಂಬುತ್ತೇವೆ. ಹೊಸ ಜಾಗದಲ್ಲಿ ಧೈರ್ಯ ಕಳೆದುಕೊಳ್ಳುವುದೆಂದರೆ ನನ್ನ ಮಟ್ಟಿಗೆ ಇದೇ ಆಗಿತ್ತು. ಭಯ ಎನ್ನುವಷ್ಟು ದೊಡ್ಡದೇನೂ ಅಲ್ಲ. ನನ್ನ ಮಾತು ನನಗಿಂತ ಒಂದು ಹೆಜ್ಜೆ ಹಿಂದೆ ನಡೆಯುತ್ತಿತ್ತು.

ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಬಹಳ ವರ್ಷಗಳ ಮೇಲೆ ಓದಿದೆ. ಹುಡುಗರು ಹಾಕಿಕೊಳ್ಳಲು ನಾಚುವಂಥ ಅಂಗಿಯನ್ನು, ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ಮುಖ ಅಚ್ಚಾಗಿದ್ದ ಟೀ ಶರ್ಟನ್ನು, ತೊಡಿಸಿ ಬೇರೆ ವಿದ್ಯಾರ್ಥಿಗಳು ಕುಳಿತ ಕೋಣೆಗೆ ಕಳಿಸಿದರು. ಆಮೇಲೆ “ನಿನ್ನ ಅಂಗಿಯ ಮೇಲೆ ಯಾರಿದ್ದರೆಂದು ಎಷ್ಟು ಜನ ಗಮನಿಸಿರಬಹುದು?” ಎಂದು ಕೇಳಿದರು. ಅರ್ಧದಷ್ಟು ಜನ ಗಮನಿಸಿರಬಹುದು ಎಂದು ತೊಟ್ಟವರ ಲೆಕ್ಕ. ನಿಜಕ್ಕೂ ಗಮನಿಸಿದವರು ನಾಲ್ಕರಲ್ಲಿ ಒಬ್ಬರಷ್ಟೂ ಇರಲಿಲ್ಲ. ಎಲ್ಲರ ಕಣ್ಣೂ ನಮ್ಮ ಮೇಲೇ ಇದೆ ಎಂಬ ಅಂದಾಜು ನಮ್ಮ ಎದೆಬಡಿತದ್ದೇ ಹೊರತು ಲೋಕದ್ದಲ್ಲ ಎಂಬುದು ಅವರ ಮಾತು. ಓದಿ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ. ಅಂಗಿಯನ್ನು ಕೋಣೆಯಿಂದ ಹೊರಬಂದ ಕೂಡಲೇ ಕಳಚಿಡಬಹುದು, ನಾಲಿಗೆಯನ್ನು ಎಲ್ಲಿಡುವುದು?

ಹಾಗೆ ನೋಡಿದರೆ ಪರಕೀಯರ ನಡುವೆ ಬಾಯಿ ತೆರೆಯುವ ವಿದ್ಯೆ ಚಿಂಚೋಳಿಯ ಮಕ್ಕಳಿಗೆ ಬಾರದ್ದಲ್ಲ. ನಮ್ಮೂರ ನಿಲ್ದಾಣದಲ್ಲಿ ಒಂದು ತಾಸು ಕುಳಿತರೆ ಸಾಕು. ಕುಂಚಾವರಂ ಕಡೆಯ ಬಸ್ಸು ಬಂದರೆ ತೆಲುಗು ಇಳಿಯುತ್ತದೆ. ತಾಂಡಾಗಳಿಂದ ಬಂದ ಹೆಣ್ಣುಮಕ್ಕಳು ತಮ್ಮತಮ್ಮಲ್ಲಿ ಲಂಬಾಣಿಯಲ್ಲಿ ಮಾತಾಡಿಕೊಂಡು, ಬಳೆ ಅಂಗಡಿಯಲ್ಲಿ ದಖನಿಯಲ್ಲಿ ಚೌಕಾಶಿ ಮಾಡಿ, ಕಂಡಕ್ಟರನ ಹತ್ತಿರ ಕನ್ನಡದಲ್ಲಿ ಜಗಳ ತೆಗೆಯುತ್ತಾರೆ. ಬೀದರ್ ಕಡೆಯವರ ಮಾತಿನಲ್ಲಿ ಮರಾಠಿ ಇಣುಕುತ್ತದೆ. 1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ಆಂಧ್ರಕ್ಕೆ ಹೋದವು, ಚಿಂಚೋಳಿ, ಸೇಡಂ ಈಚೆಗೆ ಬಂದವು. ಗಡಿ ಬಂತು, ಸಂತೆ ಮಾತ್ರ ಹಾಗೇ ಉಳಿಯಿತು.

ನನ್ನ ಅಜ್ಜ ನಿಜಾಮನ ಕಾಲದವನು. 1948ರ ಸೆಪ್ಟೆಂಬರ್ 17ರ ತನಕ ಇಲ್ಲಿ ಕಚೇರಿಯ ಮಾತು ಉರ್ದು, ಸರ್ಕಾರಿ ಶಾಲೆಯ ಮಾತೂ ಹೆಚ್ಚಾಗಿ ಉರ್ದು. ಅಜ್ಜ ಸಾಯುವವರೆಗೂ ಸಹಿ ಹಾಕಿದ್ದು ಉರ್ದುವಿನಲ್ಲಿ. ತೊಗರಿ ಮಾರಿದ ಲೆಕ್ಕ ಬರೆದದ್ದು ಕನ್ನಡದಲ್ಲಿ. ತಾಂಡೂರಿನ ಸಾಹುಕಾರನ ಹತ್ತಿರ ಮಾತಾಡುತ್ತಿದ್ದದ್ದು ತೆಲುಗಿನಲ್ಲಿ. ಮೂರರಲ್ಲೂ ವ್ಯಾಕರಣ ತಪ್ಪುತ್ತಿತ್ತು, ಮೂರರಲ್ಲೂ ದನಿ ಏರಿಸಿಯೇ ಮಾತಾಡುತ್ತಿದ್ದ. ಆ ದನಿ ಎರಡು ತಲೆಮಾರಿನಲ್ಲಿ ಎಲ್ಲಿ ಇಂಗಿತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಒಂದು ಕಾರಣ ನನಗೆ ಕಾಣುವುದು ‘ಹಿಂದುಳಿದ’ ಎಂಬ ಶಬ್ದ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದರು. ಚಿಂಚೋಳಿ, ಸೇಡಂ, ಚಿತ್ತಾಪುರ ಮೂರೂ ಅದರಲ್ಲಿದ್ದವು. ಅದು ನ್ಯಾಯದ ವರದಿ, ನಮ್ಮ ಪರವಾಗಿ ನಿಂತ ವರದಿ. ನೀರಾವರಿ, ರಸ್ತೆ, ಶಾಲೆ, ದವಾಖಾನೆ ಎಷ್ಟಿವೆ ಎಂದು ಅಳೆದು ಬರೆದದ್ದು. ಆದರೆ ಪಟ್ಟಿಗೂ ಮೊದಲೇ ಆ ಶಬ್ದ ಊರಿನಲ್ಲಿತ್ತು, ಪಟ್ಟಿಯ ಮೇಲೆ ಇನ್ನೂ ಗಟ್ಟಿಯಾಯಿತು. ಮೇಷ್ಟ್ರು ಹೇಳುತ್ತಿದ್ದರು, ಭಾಷಣ ಮಾಡುವವರು ಹೇಳುತ್ತಿದ್ದರು, ಪತ್ರಿಕೆಯಲ್ಲಿ ಬರುತ್ತಿತ್ತು. ರಸ್ತೆಗೆ ಅಂಟಬೇಕಾದ ಶಬ್ದ ಸದ್ದಿಲ್ಲದೆ ಬಂದು ನಮ್ಮ ನಾಲಿಗೆಗೆ ಅಂಟಿತು. ಡಾಂಬರು ಬೀಳದ ದಾರಿ ಮತ್ತು ‘ಹೋಗ್ಲತ್ತೀನಿ’ ಎಂಬ ಕ್ರಿಯಾಪದ ಎರಡೂ ಒಂದೇ ರೋಗದ ಲಕ್ಷಣ ಎಂದು ನಂಬಿ ನಾನು ಬೆಂಗಳೂರಿಗೆ ಹೋಗಿದ್ದೆ.

ಆ ಕ್ರಿಯಾಪದವನ್ನು ಜರಾ ಬಿಚ್ಚಿ ನೋಡಬೇಕು. ಹೋಗಲು, ಹತ್ತಿದ್ದೇನೆ. ಮಗು ಅಳಲು ಹತ್ತಿತು, ಮಳೆ ಸುರಿಯಲು ಹತ್ತಿತು ಎಂದು ಕನ್ನಡದ ಹಳೆಯ ಗದ್ಯದಲ್ಲೂ ಸಿಗುವ ಅದೇ ‘ಹತ್ತು’, ಮಾತಿನ ಓಟದಲ್ಲಿ ಕುಗ್ಗಿ ಲತ್ತೀನಿ, ಲತ್ತಾಳ, ಲತ್ತದ ಆಗಿದೆ. ಮನೆ ಮನಿ ಆಗುತ್ತದೆ, ತಲೆ ತಲಿ ಆಗುತ್ತದೆ, ಶಾಲೆ ಶಾಲಿ. ಯಾರೋ ಎಡವಿ ಹಾಗೆ ಹೇಳಿದ್ದಲ್ಲ, ಶಬ್ದದ ಕೊನೆಯ ಎಕಾರ ಇಕಾರವಾಗುವುದು ಉತ್ತರದ ಕನ್ನಡದ ಪಕ್ಕಾ ನಿಯಮ. ಇನ್ನು ಜರಾ, ದವಾಖಾನಿ ಉರ್ದುವಿನವು ಎಂದು ಮೂಗು ಮುರಿಯುವವರಿದ್ದಾರೆ. ಜಿಲ್ಲೆ, ತಾಲ್ಲೂಕು, ಅರ್ಜಿ, ವಕೀಲ, ಕಾನೂನು, ಕೊನೆಗೆ ರೈತ ಕೂಡ ಅರಬ್ಬಿ, ಪಾರಸಿ ದಾರಿಯಿಂದ ನಡೆದು ಬಂದವರೇ. ಅವಕ್ಕೆ ವಿಧಾನಸೌಧದಲ್ಲಿ ಕುರ್ಚಿ ಸಿಕ್ಕಿದೆ, ನಮ್ಮ ಜರಾಕ್ಕೆ ಬಾಗಿಲಲ್ಲೇ ತಡೆ. ‘ರೀ’ ಎಂಬುದೂ ಹಾಗೆಯೇ. ನಮ್ಮಲ್ಲಿ ಅದು ಕೈಮುಗಿದ ಹಾಗೆ. ಬೆಂಗಳೂರಿನ ಅಂಗಡಿಯಲ್ಲಿ “ಏನ್ರೀ” ಎಂದರೆ ಗದರಿಸಿದ ಹಾಗೆ ಕೇಳಿಸುತ್ತದಂತೆ. ಮರ್ಯಾದೆ ಕೊಡಲು ಹೋಗಿ ಒರಟರೆನಿಸಿಕೊಂಡ ನಮ್ಮ ಕಡೆಯ ಹುಡುಗರು ಎಷ್ಟು ಜನರೋ.

ಇದೆಲ್ಲ ಈಗಿನ ತಿಳಿವಳಿಕೆ. ಆಗ ನನಗೆ ಬಾಯಿ ಬಿಡಿಸಿದ್ದು ಪುಸ್ತಕವಲ್ಲ.

ಬೆಂಗಳೂರಿಗೆ ಬಂದ ಮರುವರ್ಷ, ಜ್ವರ ಬಂದ ಗೆಳೆಯನೊಬ್ಬನ ಜೊತೆ ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ನಮ್ಮ ಮುಂದೆ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು, ಕಟ್ಟಡ ಕೆಲಸದವಳು, ಸೀರೆಯ ಅಂಚಿಗೆ ಸಿಮೆಂಟು ಹತ್ತಿತ್ತು. ಎಳೆಯ ವಯಸ್ಸಿನ ಡಾಕ್ಟರು ಏನಾಗಿದೆ ಎಂದು ಕೇಳಿದರು. “ಹೊಟ್ಟಿ ಕಡಿಲತ್ತದ್ರಿ” ಎಂದಳು. ಡಾಕ್ಟರು ಯಾವ ಹುಳ ಕಡಿಯಿತು ಎಂದು ಕೇಳಿದರು. ಆಕೆ ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಹೇಳಿದಳು. ಡಾಕ್ಟರು ಚರ್ಮದ ಮೇಲೆ ಗಂಧೆ ಎದ್ದಿದೆಯೇ ಎಂದು ನೋಡಿದರು. ಅವರದು ತಾಳ್ಮೆಯ ಸ್ವಭಾವವೇ, ಸಾಲು ಮಾತ್ರ ಉದ್ದವಿತ್ತು. ಮೂರನೆಯ ಸಲ ಆಕೆ ಏನೂ ಹೇಳಲಿಲ್ಲ. ಸುಮ್ಮನೆ ನೆಲ ನೋಡಿದಳು. ಆ ನೋಟ ನನಗೆ ಗುರುತಿನದು. ಆರು ತಿಂಗಳು ತರಗತಿಯಲ್ಲಿ ನಾನು ನೋಡಿದ್ದೂ ಅದೇ ನೆಲವನ್ನು.

“ಡಾಕ್ಟರ್, ಅದು ಕಚ್ಚಿದ್ದಲ್ಲ. ಹೊಟ್ಟೆ ಮುರಿದು ನೋಯ್ತಾ ಇದೆ ಅಂತ ಹೇಳ್ತಿದಾರೆ” ಎಂದೆ. ಆಕೆಯ ಕಡೆ ತಿರುಗಿ, “ಅಕ್ಕಾ, ಯಾವಾಗಿಂದ ಕಡಿಲತ್ತದ?” ಎಂದು ಕೇಳಿದೆ. ಆಕೆ ಮುಖ ಎತ್ತಿದಳು. “ನಿಮ್ದು ನಮ್ ಕಡಿ ಅದೇನ್ರಿ?” ಎಂದಳು. ಆಮೇಲೆ ಎರಡು ದಿನದ ನೋವು, ವಾಂತಿ, ಊರಲ್ಲಿ ಬಿಟ್ಟು ಬಂದ ಕೂಸು, ಎಲ್ಲ ಒಂದೇ ಉಸಿರಿನಲ್ಲಿ ಹೊರಬಂತು. ನಾನು ಒಂದು ಕಿವಿಯಿಂದ ಕೇಳಿ ಇನ್ನೊಂದು ಕನ್ನಡದಲ್ಲಿ ಡಾಕ್ಟರಿಗೆ ಹೇಳುತ್ತಾ ಹೋದೆ. ಹತ್ತು ನಿಮಿಷ. ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಈ ಸಲ ನಿಜವಾಗಿಯೂ ನೋಡುತ್ತಿದ್ದರು. ಆದರೆ ಅದು ನನಗೆ ಹೊಳೆದದ್ದು ಹೊರಗೆ ಬಂದ ಮೇಲೆ. ಮಾತು ಹಿಂದೆ ಬೀಳಲಿಲ್ಲ, ಒಳಗೆ ತರ್ಜುಮೆ ನಡೆಯಲಿಲ್ಲ. ನನ್ನ ಬಗ್ಗೆ ಯೋಚಿಸಲು ನನಗೆ ಪುರುಸೊತ್ತೇ ಇರಲಿಲ್ಲ. ಧೈರ್ಯ ಹುಡುಕಿಕೊಂಡು ಹೊರಟವರಿಗೆ ಅದು ಸಿಗುವುದು ಕಷ್ಟ. ಅದು ಬಂದದ್ದು ಇನ್ನೊಬ್ಬರ ಹೊಟ್ಟೆನೋವಿನ ನೆಪದಲ್ಲಿ.

ಅಂದು ರಾತ್ರಿ ಹಾಸ್ಟೆಲಿನಲ್ಲಿ ನಾನು ರೂಮಿನವರ ಮುಂದೆ ನಡೆದದ್ದನ್ನು ಹೇಳಿದೆ, ನಮ್ಮ ಮಾತಿನಲ್ಲೇ. ಯಾರೂ ನಗಲಿಲ್ಲ. ಮೊದಲ ದಿನ ಎಲ್ಲರಿಗಿಂತ ಮೊದಲು ನಕ್ಕಿದ್ದ ಹುಡುಗ ಚಾಮರಾಜನಗರದ ಕಡೆಯವನು. ಕೆಲವು ದಿನಗಳ ಮೇಲೆ ಅವನ ಅಪ್ಪ ನೋಡಲು ಬಂದರು. ಗೇಟಿನ ಹತ್ತಿರ ಅಪ್ಪನೊಡನೆ ಅವನು ಆಡಿದ ಮಾತು ಕೇಳಿ ನಾನು ನಿಂತುಬಿಟ್ಟೆ. ರೂಮಿನಲ್ಲಿ ಎಂದೂ ಕೇಳಿರದ ರಾಗ, ಕೇಳಿರದ ಶಬ್ದಗಳು. ಅವನೂ ತನ್ನ ಕನ್ನಡವನ್ನು ಟ್ರಂಕಿನಲ್ಲಿ ಬೀಗ ಹಾಕಿಟ್ಟಿದ್ದ. ದೇವನೂರ ಮಹಾದೇವರ ‘ಕುಸುಮಬಾಲೆ’ ಆ ಸೀಮೆಯ ಆಡುಮಾತಿನಲ್ಲೇ ಬಂದು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದು ಎಷ್ಟೋ ವರ್ಷ ಆಗಿತ್ತು. ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ. ಆ ತರಗತಿಯ ನಲವತ್ತು, ಐವತ್ತು ಜನರಲ್ಲಿ ಯಾರು ಯಾರು ಏನೇನು ಬೀಗ ಹಾಕಿದ್ದರೋ. ನಾನು ಹೆದರಿದ್ದ ಆ ‘ಬೆಂಗಳೂರು ಕನ್ನಡ’ ನಮ್ಮಲ್ಲಿ ಬಹಳ ಜನರಿಗೆ ಸಾಲ ತಂದದ್ದೇ ಆಗಿತ್ತು.

ನಮ್ಮ ಕಲಬುರಗಿ ಸೀಮೆಯ ಮಾತಿಗೆ ಪುಸ್ತಕದಲ್ಲಿ ಅಂಥ ಜಾಗ ಕೊಟ್ಟವರು ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ. 2004ರಲ್ಲಿ ಅವರ ‘ಬದುಕು’ ಕಾದಂಬರಿಗೆ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಬಾಡಿಗೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಾನು ಅದನ್ನು ಗಟ್ಟಿಯಾಗಿ ಓದಿದೆ. ಅಚ್ಚಿನಲ್ಲಿ ನಮ್ಮ ಓಣಿಯ ಬೈಗುಳ ಕಂಡಾಗ ಕಣ್ಣು ತುಂಬಿ ಬಂತು. ದುಡಿಯುವ ಹೆಣ್ಣುಮಕ್ಕಳು ಅಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಮಾತಾಡುತ್ತಿದ್ದರು.

ಮಳಖೇಡದಲ್ಲಿ ನಾನು ಮೊದಲ ಸಲ ಇಳಿದು ನೋಡಿದ್ದು ಆ ಕಾದಂಬರಿ ಓದಿದ ಮೇಲೆ. ಸೇಡಂ ತಾಲ್ಲೂಕು, ಕಾಗಿಣಾ ನದಿಯ ದಂಡೆ. ಕಲಬುರಗಿಗೆ ಹೋಗುವಾಗಲೆಲ್ಲ ಬಸ್ಸು ದಾಟುತ್ತಿದ್ದ ಊರು, ಸಿಮೆಂಟು ಲಾರಿಗಳ ಧೂಳಿನಿಂದಾಗಿ ಕಿಟಕಿ ಹಾಕಿಕೊಳ್ಳುತ್ತಿದ್ದ ಊರು. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ಅದರಲ್ಲಿರುವುದು ಶಾಲೆಯ ಮಕ್ಕಳಿಗೂ ಗೊತ್ತು. ನನಗೆ ಮುಖ್ಯವಾಗಿ ಕಂಡದ್ದು ಬೇರೆ ಎರಡು ಮಾತು.

ಕನ್ನಡದ ತಿರುಳು ಯಾವ ಪ್ರದೇಶದಲ್ಲಿದೆ ಎಂದು ಅವನು ನಾಲ್ಕು ಊರು ಹೆಸರಿಸುತ್ತಾನೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸುತ್ತಿನ ನಾಡು. ರಾಜಧಾನಿಯಲ್ಲಿ ಕುಳಿತು ಬರೆದವನು ರಾಜಧಾನಿಯ ಮಾತೇ ತಿರುಳು ಎನ್ನಲಿಲ್ಲ. ಎಷ್ಟು ರಾಜಧಾನಿಗಳಿಗೆ ಈ ದೊಡ್ಡತನ ಇದ್ದೀತು? ಎರಡನೆಯದು ಇನ್ನೂ ಮೇಲು. ಕನ್ನಡದ ಬರವಣಿಗೆಯಲ್ಲಿ ದೋಷ ಯಾವುದು, ಗುಣ ಯಾವುದು ಎಂದು ಎಣಿಸಲು ಕುಳಿತವನು ಒಂದು ಕಡೆ ಕೈಚೆಲ್ಲುತ್ತಾನೆ. ದೇಸಿಗಳು ಬೇರೆ ಬೇರೆ ಇರುವುದರಿಂದ ಕನ್ನಡಗಳಲ್ಲಿ ಇಷ್ಟೇ ದೋಷ ಎಂದು ಲೆಕ್ಕ ಹಾಕಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎನ್ನುವ ಅರ್ಥದಲ್ಲಿ ಹೇಳುತ್ತಾನೆ. ಕನ್ನಡಗಳು. ಬಹುವಚನ. ಸೇಡಂ ತಾಲ್ಲೂಕಿನಲ್ಲಿ, ಹೆಚ್ಚುಕಡಿಮೆ 1,150 ವರ್ಷದ ಹಿಂದೆ. ಕೋಟೆಯ ಬಿದ್ದ ಗೋಡೆಯ ಮೇಲೆ ಕುಳಿತು ನಾನು ಆ ಬಹುವಚನವನ್ನೇ ಯೋಚಿಸುತ್ತಿದ್ದೆ. ನನ್ನ ಊರಿನ ಬಸ್ಸು ದಾಟುತ್ತಿದ್ದ ಜಾಗದಲ್ಲಿ ಈ ಮಾತು ಬಿದ್ದಿತ್ತು, ನಾನು ಬೆಂಗಳೂರಿನಲ್ಲಿ ನೆಲ ನೋಡುತ್ತಿದ್ದೆ.

ಅದೇ ಮಾನ್ಯಖೇಟಕ್ಕೆ 10ನೆಯ ಶತಮಾನದಲ್ಲಿ ಒಬ್ಬ ಪರಸ್ಥಳದ ಕವಿ ನಡೆದು ಬಂದ. ಪುಷ್ಪದಂತ ಅವನ ಹೆಸರು, ಅಪಭ್ರಂಶ ಭಾಷೆಯ ಕವಿ. ಅವನೇ ತನ್ನ ಕಾವ್ಯದ ಮೊದಲಲ್ಲಿ ಹೇಳಿಕೊಂಡಿದ್ದಾನೆ. ದಣಿದು ಊರ ಹೊರಗಿನ ತೋಪಿನಲ್ಲಿ ಕುಳಿತಿದ್ದ. ಇಬ್ಬರು ಬಂದು, ಇಷ್ಟು ದೊಡ್ಡ ಪಟ್ಟಣ ಇರುವಾಗ ಇಲ್ಲೇಕೆ ಕುಳಿತೆ, ಒಳಗೆ ಬಾ ಎಂದರು. ದುರ್ಜನರ ಗಂಟುಮುಖ ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿ ಹುಲ್ಲು ತಿಂದು ಬದುಕುವುದು ಮೇಲು ಎಂಬ ಉತ್ತರ ಅವನದು. ಹೊಸ ಊರಿನ ಹೊಸ್ತಿಲಲ್ಲಿ ಅಂಜಿಕೆ ಎಂಬುದು ಹೀಗೂ ಇರುತ್ತದೆ, ಸಿಟ್ಟಿನ ಅಂಗಿ ತೊಟ್ಟು. ಅವರು ಅವನನ್ನು ಮಂತ್ರಿ ಭರತನ ಹತ್ತಿರ ಕರೆದೊಯ್ದರು. ಭರತ ಮನೆಯಲ್ಲಿಟ್ಟುಕೊಂಡು ಬರೆ ಎಂದ. 959ರಿಂದ 965ರ ತನಕ ಬರೆದು ಮುಗಿಸಿದ ‘ಮಹಾಪುರಾಣ’ ಅಪಭ್ರಂಶದ ಮಹಾಕೃತಿ. ಪೊನ್ನನಂಥವನು ಕನ್ನಡದಲ್ಲಿ ಬರೆಯುತ್ತಿದ್ದ ಮೂರನೆಯ ಕೃಷ್ಣನ ಕಾಲದಲ್ಲಿ ಈ ಮನುಷ್ಯ ತಾನು ತಂದ ಭಾಷೆಯಲ್ಲೇ ಬರೆದ. ತನ್ನನ್ನು ಅಭಿಮಾನಮೇರು ಎಂದು ಕರೆದುಕೊಂಡ. ಅವನ ಸ್ವಾಭಿಮಾನ ದೊಡ್ಡದು, ಸರಿ. ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಬಾಗಿಲು ತೆಗೆದ ಭರತ. ಒಳಗೆ ಬಾ ಎಂದ ಆ ಇಬ್ಬರು ಇಲ್ಲದಿದ್ದರೆ ಕವಿ ತೋಪಿನಿಂದಲೇ ತಿರುಗಿ ಹೋಗುತ್ತಿದ್ದ. ಹೊಸಬರಿಗೆ ನಿಮ್ಮಂತೆ ನೀವಿರಿ ಎಂದು ಉಪದೇಶ ಮಾಡುವವರು ಬಹಳ ಜನ. ಹೊಸಬರು ಬಾಯಿ ತೆರೆದಾಗ ಕೇಳಿಸಿಕೊಳ್ಳುವುದು ಮನೆಯವರ ಕೆಲಸ, ಅದನ್ನು ಯಾರೂ ಹೇಳುವುದಿಲ್ಲ.

ಹೀಗೆ ಬರೆಯುವಾಗ ಒಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಚಿಂಚೋಳಿ ಹತ್ತಿರದ ತಾಂಡಾ ಒಂದರಿಂದ ಓದಲು ಬೆಂಗಳೂರಿಗೆ ಬಂದಿದ್ದ ಹುಡುಗಿಯ ಜೊತೆ ಮಾತಿಗೆ ಕುಳಿತಿದ್ದೆ. ಅಂಜಿಕೆ ಆಯಿತೇ ಎಂದು ಕೇಳಿದೆ. ನನ್ನ ಕಥೆಯನ್ನೇ ಅವಳ ಬಾಯಿಂದ ಕೇಳುವ ಆಸೆ ಇತ್ತು. “ಬೆಂಗಳೂರ್ದಾಗ ಅಂಜಿಕಿ ಬಂದಿಲ್ಲ. ನಂಗ ಅಂಜಿಕಿ ಬಂದಿದ್ದು ಒಂದನೇತ್ತಕ್ಕ ಶಾಲಿಗಿ ಹೋದಾಗ” ಎಂದಳು. ಮನೆಯಲ್ಲಿ ಲಂಬಾಣಿ. ಶಾಲೆಯಲ್ಲಿ ಕನ್ನಡ, ಅದೂ ಅರ್ಥವಾಗದ ಕನ್ನಡ. ನೀರು ಬೇಕು ಎಂದು ಕೇಳಲು ಗೊತ್ತಿಲ್ಲದೆ ಮಧ್ಯಾಹ್ನದ ತನಕ ಕುಳಿತಿದ್ದಳಂತೆ. ಕೇಳಿದಾಗ ಊರಿನ ಮಕ್ಕಳು ನಕ್ಕರಂತೆ.

ಊರಿನ ಮಕ್ಕಳು ಅಂದರೆ ನಾವು. ನನ್ನ ತರಗತಿಯಲ್ಲೂ ತಾಂಡಾದ ಮಕ್ಕಳಿದ್ದರು, ಹಿಂದಿನ ಸಾಲಿನಲ್ಲಿ. ಅವರ ಕನ್ನಡ ಕೇಳಿ ನಾವು ನಕ್ಕಿದ್ದೆವು, ನಾನೂ ನಕ್ಕಿದ್ದೆ. ಹದಿನೆಂಟರಲ್ಲಿ ನನಗಾದದ್ದು ಅವರಿಗೆ ಆರನೆಯ ವಯಸ್ಸಿನಲ್ಲೇ ಆಗಿತ್ತು, ಅದನ್ನು ಮಾಡಿದವರಲ್ಲಿ ನಾನೂ ಒಬ್ಬ. ಅವರಲ್ಲಿ ಎಷ್ಟು ಜನ ಎಸ್ಸೆಸ್ಸೆಲ್ಸಿ ತನಕ ಬಂದರು ಎಂದು ನೆನಪಿಸಿಕೊಂಡರೆ ಕೈಬೆರಳು ಹೆಚ್ಚಾಗುತ್ತವೆ. ಆ ಹುಡುಗಿಗೆ ನಾನು ಇದನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ತನ್ನ ಜೊತೆ ಒಂದನೆಯ ತರಗತಿಗೆ ಸೇರಿದ ಇಬ್ಬರು ಗೆಳತಿಯರ ಹೆಸರು ಹೇಳಿದಳು. ಒಬ್ಬಳು ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದಾಳೆ, ಇನ್ನೊಬ್ಬಳು ಹೈದರಾಬಾದಿನಲ್ಲಿ. “ಅವ್ರಿಗಿ ನನಗಿಂತ ಜಾಸ್ತಿ ಬುದ್ಧಿ ಇತ್ತು” ಎಂದಳು.

ಈಗ ದಾರಿ ಮೊದಲಿಗಿಂತ ಅಗಲವಾಗಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಹೊರಗಿನ ರಾಜ್ಯಮಟ್ಟದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟು ಕಲ್ಯಾಣ ಕರ್ನಾಟಕದವರಿಗೆ. ಹೋರಾಡಿ ಪಡೆದ ಹಕ್ಕು. ಅರವತ್ತು ಜನರ ತರಗತಿಯಲ್ಲಿ ಐದು ಜನ ಎಂದು ಲೆಕ್ಕ. ಒಬ್ಬರೇ ಇದ್ದಾಗ ನಾಲಿಗೆ ಒಣಗುತ್ತದೆ, ಐದು ಜನ ಇದ್ದರೆ ಊಟದ ಮೇಜಿನ ಒಂದು ಮೂಲೆಯಾದರೂ ನಮ್ಮದಾಗುತ್ತದೆ. ಜೊತೆಗೆ ‘ಜೆ ಸೀಟು’ ಎಂಬ ಹೆಸರೂ ಅಂಟುತ್ತದೆ, ಮೆರಿಟ್ ಇಲ್ಲದೆ ಬಂದವರು ಎಂಬ ಪಿಸುಮಾತಿನ ಸಮೇತ. ಈ ಪಿಸುಮಾತಿಗೆ ಉತ್ತರ ಕೊಡುವ ಹೊರೆಯನ್ನು ಹದಿನೆಂಟರ ಮಕ್ಕಳ ಮೇಲೆ ಹೊರಿಸುವುದು ಅನ್ಯಾಯ. ತೊಗರಿಯ ನೆನಪಾಗುತ್ತದೆ ನನಗೆ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಈ ಮಣ್ಣಿನಲ್ಲಿ ಬೆಳೆದದ್ದು ಎಂಬುದೇ ಅದರ ಬೆಲೆ. ಬೆಂಗಳೂರಿನ ಅಂಗಡಿಯಲ್ಲಿ ಆ ಹೆಸರು ಕೇಳಿ ಕೊಳ್ಳುತ್ತಾರೆ. ಅದೇ ಮಣ್ಣಿನ ಮಾತನ್ನು ಅದೇ ಅಂಗಡಿಯಲ್ಲಿ ನಮ್ಮ ಮಕ್ಕಳು ನುಂಗಿಕೊಂಡು ನಿಲ್ಲುತ್ತಾರೆ.

ಬೇರೆ ಕನ್ನಡ ಕಲಿಯಬಾರದು ಎಂದು ನಾನು ಹೇಳುವುದಿಲ್ಲ. ನಾನು ಕಲಿತಿದ್ದೇನೆ, ಈ ಲೇಖನ ಬರೆದಿರುವುದೂ ಅದರಲ್ಲೇ. ಕಲಿತದ್ದು ಉಪಯೋಗಕ್ಕೂ ಬಂದಿದೆ, ಇಲ್ಲವಾದರೆ ಅಂದು ಡಾಕ್ಟರಿಗೆ ಹೊಟ್ಟೆನೋವು ತಿಳಿಸುತ್ತಿದ್ದವರು ಯಾರು? ಅಜ್ಜನಿಗೆ ಮೂರು ಭಾಷೆ ಇದ್ದವು, ನನಗೆ ಎರಡು ಕನ್ನಡ. ಒಂದನ್ನು ಇಟ್ಟುಕೊಳ್ಳಲು ಇನ್ನೊಂದನ್ನು ಕೊಲ್ಲಬೇಕು ಎಂದು ಹದಿನೆಂಟರಲ್ಲಿ ನಂಬಿದ್ದೆನಲ್ಲ, ಆ ನಂಬಿಕೆಯ ಜೊತೆ ಮಾತ್ರ ನನ್ನ ಜಗಳ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1963ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ ಜನರ ಉಚ್ಚಾರದ ಬಗ್ಗೆ ಬರೆದ. ಬೇಸಿಗೆಯಲ್ಲಿ ಪ್ರವಾಸಿಗರು ತುಂಬಿಕೊಳ್ಳುವ ದ್ವೀಪ ಅದು. ದ್ವೀಪ ತಮ್ಮದು, ಇಲ್ಲೇ ಬಾಳುತ್ತೇವೆ ಎಂಬ ಮನಸ್ಸಿದ್ದವರ ನಾಲಿಗೆಯಲ್ಲಿ ದ್ವೀಪದ ಹಳೆಯ ಸ್ವರ ಹೆಚ್ಚು ದಟ್ಟವಾಗಿತ್ತು. ಬಿಟ್ಟುಹೋಗುವ ಮನಸ್ಸಿನವರಲ್ಲಿ ಅದು ತೆಳುವಾಗಿತ್ತು. ಇದನ್ನು ಓದಿ ನಾನು ಊರಿಗೆ ಹೋಗುವ ರೈಲನ್ನು ನೆನೆದೆ. ರಾಯಚೂರು ಬರುವಷ್ಟರಲ್ಲಿ ಹೋಗ್ತಾ ಇದೀನಿ ತಾನಾಗಿಯೇ ಹೊಂಟೀನಿ ಆಗಿರುತ್ತದೆ. ನಾನು ಮಾಡಿದ್ದಲ್ಲ, ನಾಲಿಗೆ ತಾನೇ ಮಾಡಿಕೊಂಡದ್ದು.

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ನೆರೆಮನೆಯ ಹುಡುಗಿ ಕಾಲೇಜಿಗೆ ಬೆಂಗಳೂರಿಗೆ ಹೊರಟಿದ್ದಳು. ಬೀಳ್ಕೊಡಲು ನಿಲ್ದಾಣಕ್ಕೆ ಅರ್ಧ ಓಣಿಯೇ ಬಂದಿತ್ತು. ಅವ್ವನೂ ಬಂದಿದ್ದಳು, ಈಗ ಮೊಣಕಾಲು ನೋವು, ಕಟ್ಟೆಯ ಮೇಲೆ ಕುಳಿತಳು. ಹುಡುಗಿಯ ಅಪ್ಪ ಧೈರ್ಯ ಹೇಳುತ್ತಿದ್ದ, ವೀರೇಂದ್ರ ಪಾಟೀಲರು ಈ ಊರಿನಿಂದ ಹೋಗಿ ಎರಡು ಸಲ ಮುಖ್ಯಮಂತ್ರಿ ಆದರು, 1978ರಲ್ಲಿ ಚಿಕ್ಕಮಗಳೂರಿಗೆ ಹೋಗಿ ಇಂದಿರಾ ಗಾಂಧಿಯ ಎದುರೇ ನಿಂತರು ಎಂದು. ಪಾಟೀಲರು ಆ ಚುನಾವಣೆ ಸೋತರು ಎಂದು ಯಾರೋ ನೆನಪಿಸಿದರು. “ಸೋಲ್ಲಿ, ನಿಂತರಲ್ಲ” ಎಂದ ಅಪ್ಪ.

ನಾನು ಅವ್ವನ ಪಕ್ಕ ಕುಳಿತು ಕೇಳಿದೆ. ಇಪ್ಪತ್ತೈದು ವರ್ಷ ದಾಟಿದ ಮೇಲೆ, ಮೊದಲ ಸಲ. ಅಂದು ಛಂದ ಮಾತಾಡು ಎಂದಿಯಲ್ಲ, ನಮ್ಮ ಮಾತು ಅಲ್ಲಿ ಆಡಬ್ಯಾಡ ಅಂತ ಹೇಳಿದ್ದೆಯಾ? ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. “ಹಾಂಗ್ಯಾಕ ಅಂದೇನು? ನೀ ಸಣ್ಣಾಗಿಂದ ಮೂಕನಂಗ ಇದ್ದಿ. ಇನ್ನೊಂದ್ ರೊಟ್ಟಿ ಬೇಕಂದ್ರೂ ಕೇಳ್ತಿದ್ದಿಲ್ಲ. ಛಂದ ಮಾತಾಡು, ಬಾಯಿ ಕಟ್ಟಿ ಕುಂದರಬ್ಯಾಡ ಅಂದಿದ್ದೆ.”

ಇಂಜಿನ್ನಿನ ಸದ್ದಿನಲ್ಲಿ ಹೋದದ್ದು ಆ ಎರಡನೆಯ ಅರ್ಧ.

ಬಸ್ಸು ಹೊರಟಿತು. ಹುಡುಗಿಯ ತಾಯಿ ನೀರಿನ ಬಾಟಲಿ ಹಿಡಿದು ಹಿಂದೆ ಓಡುತ್ತಿದ್ದಳು, ಡ್ರೈವರಿಗೆ ಕಾಣಿಸಿರಲಿಲ್ಲ. ಹುಡುಗಿ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ನಿಲ್ದಾಣಕ್ಕೆಲ್ಲ ಕೇಳುವಂತೆ ಕೂಗಿದಳು: “ಜರಾ ನಿಂದರ್ರಿ! ಅವ್ವ ಬರ್ಲತ್ತಾಳ!”